ಏರು ಹತ್ತುವಾಗ ಎದೆ ಹೇಳುವ ಮಾತು

ನವಲಗುಂದಕ್ಕೆ ಹೆಸರು ಬಂದದ್ದೇ ಗುಡ್ಡದಿಂದ. ನವಿಲುಗಳಿದ್ದ ಗುಡ್ಡ ಜನರ ಬಾಯಲ್ಲಿ ನವಲಗುಂದವಾಯಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಸಪಾಟಾದ ಎರೆ ಹೊಲ, ನಡುವೆ ಈ ಗುಡ್ಡ. ಸಪಾಟು ನೆಲದ ಮೇಲೆ ನಡೆಯುವತನಕ ಯಾರ ಎದೆ ಗಟ್ಟಿ, ಯಾರದು ಸೋತಿದೆ ಎಂಬುದು ಗೊತ್ತಾಗುವುದಿಲ್ಲ. ಏರು ಶುರುವಾದ ಕೂಡಲೇ ಗೊತ್ತಾಗುತ್ತದೆ. “ಏರ ಹತ್ತೂ ಮುಂದ ಎದಿ ಹಿಡದಂಗ ಆಗತೈತ್ರಿ ಅಕ್ಕೋರ, ಒಂದ ಗಳಿಗಿ ನಿಂತರ ಬಿಡತೈತಿ” ಎಂದು ನಮ್ಮ ಶಾಲೆಗೆ ಬರುವ ತಾಯಂದಿರು ಎಷ್ಟೋ ಸಲ ಹೇಳಿದ್ದಾರೆ. ವೈದ್ಯಶಾಸ್ತ್ರವು ಹೃದ್ರೋಗವನ್ನು ಗುರುತಿಸಲು ಕಲಿತದ್ದು ಇಂಥ ಒಂದು ಮಾತಿನಿಂದಲೇ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು. ಪಾಣಿಪತ್ತಿನ ಮೂರೂ ಕದನಗಳನ್ನು ಇಸವಿ ಸಮೇತ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ನಮ್ಮ ಮೈಯೊಳಗಿನ ಸಂಗತಿಯನ್ನು ಮನುಷ್ಯ ತಿಳಿದುಕೊಂಡ ಇತಿಹಾಸ ಮಾತ್ರ ಆ ಪಠ್ಯಪುಸ್ತಕದಲ್ಲಿ ಇಲ್ಲ. ಎದೆಗೆ ಕೆಲಸ ಕೊಟ್ಟು, ಅದು ದುಡಿಯುತ್ತಿರುವಾಗಲೇ ಅದರ ಚಿತ್ರ ತೆಗೆದು, ಈ ಜೀವಕ್ಕೆ ಮುಂದೆ ಏನಾದೀತು ಎಂದು ಲೆಕ್ಕ ಹಾಕುವ ವಿದ್ಯೆ ಹೇಗೆ ಬೆಳೆಯಿತು, ಅದರಲ್ಲಿ ಹೆಣ್ಣುಮಕ್ಕಳ ಪಾಲಿಗೆ ಏನು ಬಂತು ಎಂಬುದನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಅದಕ್ಕೆ ನನ್ನದೇ ಆದ ಕಾರಣವೂ ಇದೆ. ಅದನ್ನು ಮುಂದೆ ಹೇಳುತ್ತೇನೆ.

1768ರಲ್ಲಿ ಲಂಡನ್ನಿನ ವೈದ್ಯರ ಕಾಲೇಜಿನಲ್ಲಿ ವಿಲಿಯಂ ಹೆಬರ್ಡನ್ ಎಂಬ ವೈದ್ಯರು ಒಂದು ಪ್ರಬಂಧ ಓದಿದರು. 1772ರಲ್ಲಿ ಅದು ಅಚ್ಚಾಯಿತು. ನಡೆಯುವಾಗ, ಅದರಲ್ಲೂ ಉಂಡು ಏರು ಹತ್ತುವಾಗ, ಎದೆಯಲ್ಲಿ ಒಂದು ಬಿಗಿತ ಬರುತ್ತದೆ. ಇನ್ನೊಂದು ಹೆಜ್ಜೆ ಇಟ್ಟರೆ ಜೀವ ಹೋದೀತು ಎನ್ನಿಸುತ್ತದೆ. ನಿಂತ ಕೂಡಲೇ ಬಿಗಿತ ಬಿಟ್ಟುಹೋಗುತ್ತದೆ. ಹೆಬರ್ಡನ್ ಇದಕ್ಕೆ ಆಂಜೈನಾ ಪೆಕ್ಟೊರಿಸ್ ಎಂದು ಹೆಸರಿಟ್ಟರು. ಇಂಥವರಲ್ಲಿ ಕೆಲವರು ಒಂದು ದಿನ ಇದ್ದಕ್ಕಿದ್ದಂತೆ ಕುಸಿದು ಸಾಯುತ್ತಾರೆಂದೂ ಬರೆದರು. ಆಗ ಯಂತ್ರವಿಲ್ಲ, ಕಾಗದದ ಮೇಲಿನ ಗೆರೆಯಿಲ್ಲ. ರೋಗಿಯ ಮಾತನ್ನು ಕಿವಿಗೊಟ್ಟು ಕೇಳಿಯೇ ಅವರು ಇಷ್ಟನ್ನು ಹೇಳಿದರು. ದಿನಕ್ಕೆ ಅರ್ಧ ಗಂಟೆ ಗರಗಸದಿಂದ ಕಟ್ಟಿಗೆ ಕೊಯ್ಯುವ ಕೆಲಸ ಹಚ್ಚಿಕೊಂಡ ಒಬ್ಬ ರೋಗಿ ಬಹುಮಟ್ಟಿಗೆ ಗುಣವಾದದ್ದನ್ನೂ ಅವರು ದಾಖಲಿಸಿದ್ದಾರೆ. ದುಡಿಮೆ ಎದೆಯ ಪರೀಕ್ಷೆಯೂ ಹೌದು, ಔಷಧಿಯೂ ಹೌದು ಎಂಬ ಎರಡೂ ಮಾತು ಆ ಕಾಲದಷ್ಟು ಹಳೆಯವು.

ಅದೇ ಹೆಬರ್ಡನ್ ತಮ್ಮ ಆಯುಷ್ಯದಲ್ಲಿ ಈ ಬೇನೆಯವರನ್ನು ನೂರರ ಹತ್ತಿರ ಜನರನ್ನು ನೋಡಿದೆನೆಂದು ಬರೆದು, ಅವರಲ್ಲಿ ಮೂವರು ಹೆಂಗಸರು, ಒಬ್ಬ 12 ವರ್ಷದ ಹುಡುಗ ಎಂದು ಲೆಕ್ಕ ಕೊಟ್ಟಿದ್ದಾರೆ. ಈ ಸಾಲನ್ನು ಓದಿದಾಗ ನಾನು ಅಲ್ಲಿಯೇ ನಿಂತೆ. ಮೂವರೇ? ಹೆಂಗಸರಿಗೆ ಈ ಬೇನೆ ಗಂಡಸರಿಗಿಂತ ತಡವಾಗಿ ಬರುತ್ತದೆ ಎಂಬುದು ನಿಜ. ಆದರೂ ನೂರಕ್ಕೆ ಮೂವರು ಎಂಬುದು ಬೇನೆಯ ಲೆಕ್ಕಕ್ಕಿಂತ ಹೆಚ್ಚಾಗಿ ವೈದ್ಯರ ಬಾಗಿಲ ತನಕ ಬಂದವರ ಲೆಕ್ಕವಿರಬೇಕು ಎಂದು ನನಗೆ ಅನ್ನಿಸಿತು. ಈ ಕಥೆಯುದ್ದಕ್ಕೂ ಆ ಮೂವರು ಹೆಂಗಸರು ನನ್ನ ಮನಸ್ಸಿನಲ್ಲಿದ್ದಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಲೆಂಡಿನ ವಿಲ್ಲೆಮ್ ಐಂಥೋವನ್ ಎದೆಯ ಬಡಿತದಲ್ಲಿ ಹುಟ್ಟುವ ಸಣ್ಣ ವಿದ್ಯುತ್ತನ್ನು ಗೆರೆಯಾಗಿ ಬರೆಸುವ ಯಂತ್ರ ಮಾಡಿದರು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟುಕೊಂಡು ಕೂಡಬೇಕಾಗಿತ್ತು. ಅದೇ ಇಂದಿನ ಇ.ಸಿ.ಜಿ.ಯ ಅಜ್ಜಿ. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಒಂದು ತೊಡಕು ಉಳಿಯಿತು. ಏರು ಹತ್ತುವಾಗ ಎದೆ ಹಿಡಿಯುತ್ತದೆ ಎನ್ನುವವರು ಹಾಸಿಗೆಯ ಮೇಲೆ ಮಲಗಿ ಇ.ಸಿ.ಜಿ. ತೆಗೆಸಿದರೆ ಎಷ್ಟೋ ಸಲ ಗೆರೆ ಸರಿಯಾಗಿಯೇ ಬರುತ್ತಿತ್ತು.

ಇದು ಏಕೆ ಎಂಬುದನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ಮಲಪ್ರಭಾ ಕಾಲುವೆಯನ್ನು ನೆನೆಸಿಕೊಳ್ಳಿ. ಕಾಲುವೆಯಲ್ಲಿ ಹೂಳು ತುಂಬಿದ್ದರೂ, ಮಳೆಗಾಲದಲ್ಲಿ ಯಾರಿಗೂ ನೀರು ಬೇಡವಾದಾಗ ಅದು ಕಾಣುವುದಿಲ್ಲ. ಎಲ್ಲ ಹೊಲಗಳೂ ಒಮ್ಮೆಲೇ ನೀರು ಬೇಡುವ ಹೊತ್ತಿಗೆ ಕೊನೆಯ ಹೊಲ ಒಣಗುತ್ತದೆ. ಎದೆಯ ಸ್ನಾಯುವಿಗೆ ರಕ್ತ ಒಯ್ಯುವ ಧಮನಿಗಳೂ ಹಾಗೆಯೇ. ಒಳಗೆ ಕೊಬ್ಬು ಕಟ್ಟಿ ಅರ್ಧಕ್ಕಿಂತ ಹೆಚ್ಚು ಕಿರಿದಾದರೂ ಕುಳಿತವರಿಗೆ ಸಾಕಾಗುವಷ್ಟು ರಕ್ತ ಹರಿಯುತ್ತಿರುತ್ತದೆ. ಕೊರತೆ ತಿಳಿಯಬೇಕಾದರೆ ಬೇಡಿಕೆ ಹೆಚ್ಚಾಗಬೇಕು, ಎಂದರೆ ಎದೆಗೆ ಕೆಲಸ ಕೊಡಬೇಕು.

ಹೀಗೆ ಕೆಲಸ ಕೊಟ್ಟು ನೋಡುವ ಪದ್ಧತಿ ಶುರುವಾದದ್ದು 1920ರ ದಶಕದ ಕೊನೆಗೆ. 1928ರಲ್ಲಿ ಅಮೆರಿಕದ ಫೈಲ್ ಮತ್ತು ಸೀಗಲ್ ಎಂಬ ವೈದ್ಯರು ಆಂಜೈನಾದವರಿಗೆ ವ್ಯಾಯಾಮ ಮಾಡಿಸಿ, ನೋವಿನ ಹೊತ್ತಿನಲ್ಲಿ ಇ.ಸಿ.ಜಿ. ಗೆರೆ ಬದಲಾಗುವುದನ್ನು ತೋರಿಸಿದರು. 1929ರಲ್ಲಿ ನ್ಯೂಯಾರ್ಕಿನ ಆರ್ಥರ್ ಮಾಸ್ಟರ್ ಎರಡು ಮೆಟ್ಟಿಲಿನ ಪರೀಕ್ಷೆ ತಂದರು. ಒಂಬತ್ತು ಇಂಚು ಎತ್ತರದ ಎರಡು ಕಟ್ಟಿಗೆಯ ಮೆಟ್ಟಿಲು. ವಯಸ್ಸು, ತೂಕ, ಗಂಡೋ ಹೆಣ್ಣೋ ನೋಡಿ ಎಷ್ಟು ಸಲ ಹತ್ತಿ ಇಳಿಯಬೇಕೆಂಬ ಒಂದು ಪಟ್ಟಿ. ಮೊದಲು ನಾಡಿ ಮತ್ತು ರಕ್ತದೊತ್ತಡ ಮಾತ್ರ ನೋಡುತ್ತಿದ್ದರು. 1941ರಲ್ಲಿ ಇ.ಸಿ.ಜಿ. ಕೂಡಿಸಿದರು.

ಮೆಟ್ಟಿಲಿನ ಜಾಗಕ್ಕೆ ಚಲಿಸುವ ಪಟ್ಟಿಯನ್ನು ಗಟ್ಟಿಯಾಗಿ ತಂದವರು ಸಿಯಾಟಲ್ ನಗರದ ರಾಬರ್ಟ್ ಬ್ರೂಸ್. 1963ರಲ್ಲಿ ಅವರು ಹಾಕಿಕೊಟ್ಟ ಕ್ರಮವೇ ಇಂದಿಗೂ ಹುಬ್ಬಳ್ಳಿಯಿಂದ ಹಾಲೆಂಡಿನ ತನಕ ನಡೆದಿದೆ. ಮೂರು ಮೂರು ನಿಮಿಷಕ್ಕೆ ಒಂದು ಹಂತ. ಮೊದಲ ಹಂತದಲ್ಲಿ ಗಂಟೆಗೆ ಸುಮಾರು 2.7 ಕಿಲೋಮೀಟರ್ ನಡಿಗೆ, ನೂರಕ್ಕೆ ಹತ್ತರಷ್ಟು ಏರು. ಆಮೇಲೆ ವೇಗವೂ ಏರೂ ಎರಡೂ ಹೆಚ್ಚುತ್ತ ಹೋಗುತ್ತವೆ. ನಮ್ಮ ಜನ ಟಿ.ಎಂ.ಟಿ. ಎಂದು ಕರೆಯುವುದು ಇದನ್ನೇ.

ಐವತ್ತೆರಡನೆಯ ವಯಸ್ಸಿನಲ್ಲಿ ನಾನೂ ಈ ಪಟ್ಟಿ ಹತ್ತಿದೆ. ಸೀರೆಯಲ್ಲಿ ಹತ್ತುವಂತಿಲ್ಲ ಎಂದರು. ಸೊಸೆಯ ಚೂಡಿದಾರ ಇಸಿದುಕೊಂಡು ಹೋದೆ. ಹುಟ್ಟಿದಾಗಿನಿಂದ ಮೊದಲ ಸಲ ಅದನ್ನು ಹಾಕಿದ್ದು. ಎದೆಯ ತುಂಬ ತಂತಿ ಅಂಟಿಸಿದ ಹುಡುಗಿ “ಹೆದರಬ್ಯಾಡ್ರಿ ಮೇಡಂ, ದಿನಾ ನಡದಂಗ ನಡೀರಿ” ಎಂದಳು. ಮೊದಲ ಮೂರು ನಿಮಿಷ ಸಂತೆಗೆ ಹೊರಟ ನಡಿಗೆ, ಎರಡನೆಯ ಮೂರು ನಿಮಿಷ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಶಾಲೆಗೆ ಹೋಗುವ ನಡಿಗೆ, ಮೂರನೆಯದು ಹುಬ್ಬಳ್ಳಿಯ ಕೊನೆಯ ಬಸ್ಸು ಬಿಟ್ಟೇಬಿಟ್ಟಿತು ಎನ್ನುವ ನಡಿಗೆ. ಒಂಬತ್ತು ನಿಮಿಷಕ್ಕೆ ಸಾಕೆಂದೆ. ಗೆರೆ ಸರಿಯಾಗಿತ್ತು.

ಆ ಒಂಬತ್ತಕ್ಕೆ ಒಂದು ಬೆಲೆಯಿದೆ ಎಂಬುದು ನನಗೆ ಆಮೇಲೆ ತಿಳಿಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಟಿ.ಎಂ.ಟಿ. ಮಾಡಿಸಿಕೊಂಡವರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಯಾರು ಬದುಕಿದರು, ಯಾರು ಹೋದರು ಎಂದು ನೋಡಿ, ಒಂದು ಲೆಕ್ಕ ಕಟ್ಟಿದರು. ನಮ್ಮ ಏಳನೆಯ ಇಯತ್ತೆಯ ಮಕ್ಕಳೂ ಮಾಡಬಲ್ಲ ಲೆಕ್ಕ ಅದು. ನಡೆದ ನಿಮಿಷಗಳನ್ನು ಬರೆದುಕೊಳ್ಳಿ. ಇ.ಸಿ.ಜಿ. ಗೆರೆ ಎಷ್ಟು ಮಿಲಿಮೀಟರ್ ಕುಸಿಯಿತೋ ಅದರ ಐದು ಪಟ್ಟನ್ನು ಕಳೆಯಿರಿ. ನೋವು ಬಾರದಿದ್ದರೆ ಸೊನ್ನೆ, ಬಂದರೆ ಒಂದು, ನೋವಿನಿಂದಲೇ ನಿಲ್ಲಿಸಬೇಕಾದರೆ ಎರಡು. ಅದರ ನಾಲ್ಕು ಪಟ್ಟನ್ನೂ ಕಳೆಯಿರಿ. ಒಂಬತ್ತು ನಿಮಿಷ ನಡೆದು ಏನೂ ಆಗದವರಿಗೆ ಒಂಬತ್ತು. ಮೂರು ನಿಮಿಷಕ್ಕೆ ಎರಡು ಮಿಲಿಮೀಟರ್ ಕುಸಿದು ನೋವಿನಿಂದ ನಿಂತವರಿಗೆ ಮೂರರಲ್ಲಿ ಹತ್ತು ಹೋಗಿ, ಮತ್ತೆ ಎಂಟು ಹೋಗಿ, ಸೊನ್ನೆಗಿಂತ ಹದಿನೈದು ಕೆಳಗೆ. ಐದು ಅಥವಾ ಮೇಲೆ ಇದ್ದರೆ ಅಪಾಯ ಕಡಿಮೆ. ಸೊನ್ನೆಗಿಂತ ಹನ್ನೊಂದು ಅಥವಾ ಇನ್ನೂ ಕೆಳಗಿದ್ದರೆ ಅಪಾಯ ಹೆಚ್ಚು. 1991ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ಕಡಿಮೆ ಅಪಾಯದ ಗುಂಪಿನ ನೂರು ಜನರಲ್ಲಿ 99 ಮಂದಿ ನಾಲ್ಕು ವರ್ಷದ ಮೇಲೂ ಬದುಕಿದ್ದರು. ಹೆಚ್ಚು ಅಪಾಯದ ಗುಂಪಿನಲ್ಲಿ 79 ಮಂದಿ.

ಮೈಲಾರದ ಕಾರಣಿಕದ ಒಂದು ಸಾಲಿಗೆ ನಾವು ಊರಿಗೊಂದು ಅರ್ಥ ಹಚ್ಚುತ್ತೇವೆ. ಆಸ್ಪತ್ರೆಯ ಕಾಗದವನ್ನೂ ಮನೆಮಂದಿ ಹಾಗೆಯೇ ಓದುವುದುಂಟು. ಇದು ಅಂಥ ಭವಿಷ್ಯವಲ್ಲ. ನಿಮ್ಮಂಥ ನೂರು ಜನರಲ್ಲಿ ಎಷ್ಟು ಮಂದಿಗೆ ಏನಾಯಿತು ಎಂಬುದನ್ನು ಮಾತ್ರ ಇದು ಹೇಳುತ್ತದೆ. ಆ ನೂರರಲ್ಲಿ ನೀವು ಯಾರು ಎಂಬುದನ್ನು ಹೇಳುವುದಿಲ್ಲ. ಆದರೆ ಯಾರನ್ನು ಇವತ್ತೇ ಹುಬ್ಬಳ್ಳಿಗೆ ಕರೆದೊಯ್ಯಬೇಕು, ಯಾರಿಗೆ ಗುಳಿಗೆ ಮತ್ತು ಪಥ್ಯ ಸಾಕು ಎಂದು ತೀರ್ಮಾನಿಸುವ ವೈದ್ಯರಿಗೆ ಅಷ್ಟೇ ದೊಡ್ಡ ಆಸರೆ.

ಗೆರೆಯಿಂದ ಚಿತ್ರಕ್ಕೆ ಹೋದ ದಾರಿ ಬೇರೆ. 1920ರ ದಶಕದಲ್ಲಿಯೇ ಬಾಸ್ಟನ್ನಿನ ಹರ್ಮನ್ ಬ್ಲುಮ್‌ಗಾರ್ಟ್ ರೋಗಿಯ ಒಂದು ತೋಳಿಗೆ ವಿಕಿರಣ ಸೂಸುವ ವಸ್ತು ಚುಚ್ಚಿ, ಅದು ಇನ್ನೊಂದು ತೋಳಿಗೆ ಎಷ್ಟು ಹೊತ್ತಿಗೆ ಬಂತೆಂದು ಅಳೆದಿದ್ದರು. 1950ರ ದಶಕದಲ್ಲಿ ಹಾಲ್ ಆಂಗರ್ ಎಂಬವರು ಮೈಯೊಳಗಿನಿಂದ ಬರುವ ಗ್ಯಾಮಾ ಕಿರಣ ಹಿಡಿಯುವ ಕ್ಯಾಮೆರಾ ಕಟ್ಟಿದರು. 1973ರಲ್ಲಿ ವ್ಯಾಯಾಮದ ಹೊತ್ತಿನಲ್ಲಿ ಎದೆಯ ಸ್ನಾಯುವಿನ ಇಂಥ ಚಿತ್ರ ತೆಗೆದದ್ದು ವರದಿಯಾಯಿತು. ಅದೇ ದಶಕದಲ್ಲಿ ಥ್ಯಾಲಿಯಂ ಬಂತು. 1990ರಿಂದ ಟೆಕ್ನೀಶಿಯಂ ಕೂಡಿದ ಔಷಧಗಳು ಬಳಕೆಗೆ ಬಂದವು. ಮಾಡುವ ಬಗೆ ಇಷ್ಟು: ಪಟ್ಟಿಯ ಮೇಲೆ ನಡೆದು ದಣಿವು ತುದಿ ಮುಟ್ಟಿದಾಗ ರಕ್ತನಾಳಕ್ಕೆ ಔಷಧ ಕೊಡುತ್ತಾರೆ. ರಕ್ತ ಚೆನ್ನಾಗಿ ಹರಿದ ಭಾಗ ಅದನ್ನು ಹೀರಿಕೊಂಡು ಚಿತ್ರದಲ್ಲಿ ಬೆಳಗುತ್ತದೆ. ರಕ್ತ ಸಾಲದ ಭಾಗ ಮಸುಕಾಗಿ ಕಾಣುತ್ತದೆ. ವಿಶ್ರಾಂತಿಯ ಸ್ಥಿತಿಯಲ್ಲಿಯೂ ಒಂದು ಚಿತ್ರ ತೆಗೆಯುತ್ತಾರೆ. ದುಡಿಯುವಾಗ ಮಸುಕಾಗಿ, ಕುಳಿತಾಗ ಬೆಳಗಿದರೆ ಆ ಭಾಗಕ್ಕೆ ರಕ್ತದ ಕೊರತೆಯಿದೆ, ಜೀವವೂ ಇದೆ. ಎರಡೂ ಹೊತ್ತು ಮಸುಕಾಗಿದ್ದರೆ ಅಲ್ಲಿ ಹಳೆಯ ಗಾಯದ ಕಲೆಯಿರುವ ಸಂಭವ ಹೆಚ್ಚು. ಮೊಣಕಾಲು ನೋವಿನಿಂದ ನಡೆಯಲಾಗದವರಿಗೆ ಔಷಧದಿಂದಲೇ ಎದೆಗೆ ಕೆಲಸ ಕೊಟ್ಟು ನೋಡುತ್ತಾರೆ. ವಿಕಿರಣವಿಲ್ಲದೆ ಶಬ್ದದ ಅಲೆಗಳಿಂದ ನೋಡುವ ಸ್ಟ್ರೆಸ್ ಎಕೋ ಕೂಡ 1970ರ ದಶಕದ ಕೊನೆಯಿಂದ ಬೆಳೆಯಿತು.

ಈ ಚಿತ್ರಗಳನ್ನು ತೆಗೆಸಿಕೊಂಡ ಸಾವಿರಾರು ಜನರನ್ನು ಹಿಂಬಾಲಿಸಿದಾಗ ಒಂದು ಸಂಗತಿ ಮತ್ತೆ ಮತ್ತೆ ಕಂಡಿತು. ಚಿತ್ರ ಸರಿಯಾಗಿದ್ದವರಲ್ಲಿ ವರ್ಷಕ್ಕೆ ಹೃದಯಾಘಾತವಾಗುವವರು ಅಥವಾ ಹೃದ್ರೋಗದಿಂದ ಸಾಯುವವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮಸುಕಾದ ಭಾಗ ಹೆಚ್ಚಿದಂತೆ ಅಪಾಯವೂ ಹೆಚ್ಚು. ಚಿತ್ರಕ್ಕೆ ಮುಂದಿನದನ್ನು ಹೇಳುವ ಶಕ್ತಿ ಬಂದದ್ದು ಹೀಗೆ.

ಇನ್ನು ಹೆಣ್ಣುಮಕ್ಕಳ ಮಾತಿಗೆ ಬರುತ್ತೇನೆ. 1987ರಲ್ಲಿ ಅಮೆರಿಕದ ಒಂದು ವೈದ್ಯಪತ್ರಿಕೆಯಲ್ಲಿ ಟೋಬಿನ್ ಮತ್ತು ಸಂಗಡಿಗರ ಒಂದು ಅಧ್ಯಯನ ಬಂತು. ಇಂಥದೇ ವಿಕಿರಣದ ಚಿತ್ರದಲ್ಲಿ ದೋಷ ಕಂಡವರನ್ನು ಮುಂದಿನ ತಪಾಸಣೆಗೆ, ಎಂದರೆ ಧಮನಿಯೊಳಗೆ ನಳಿಗೆ ಹಾಕಿ ನೋಡುವುದಕ್ಕೆ, ಎಷ್ಟು ಜನರನ್ನು ಕಳಿಸಿದರು ಎಂದು ಅವರು ಎಣಿಸಿದರು. ಗಂಡಸರಲ್ಲಿ ನೂರಕ್ಕೆ 40. ಹೆಂಗಸರಲ್ಲಿ ನೂರಕ್ಕೆ 4. ಯಂತ್ರ ಇಬ್ಬರಲ್ಲೂ ದೋಷ ತೋರಿಸಿತ್ತು. ಹೆಂಗಸರ ನೋವಿಗೆ ಮನಸ್ಸಿನ ಬೇಗುದಿಯೋ ಮತ್ತೇನೋ ಕಾರಣವೆಂದು ಬರೆದದ್ದು ಗಂಡಸರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು.

ಈ ಅಂಕಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1994ರ ಸುಮಾರಿಗೆ ನಮ್ಮ ಅಪ್ಪ ಹೊಲದಿಂದ ಸೈಕಲ್ ಹೊಡೆದುಕೊಂಡು ಬರುವಾಗ ಬೆವತು ಕುಳಿತರೆಂದು ಕಾಕಾಗಳೆಲ್ಲ ಸೇರಿ ಜೀಪು ಮಾಡಿಸಿ ಹುಬ್ಬಳ್ಳಿಗೆ ಕರೆದೊಯ್ದರು. ಅಲ್ಲಿ ಪಟ್ಟಿಯ ಮೇಲೆ ನಡೆಸಿ ನೋಡಿದರು, ಔಷಧ ಹಚ್ಚಿದರು. ಅಪ್ಪ ಅದಾದ ಮೇಲೆ ಹದಿನಾಲ್ಕು ವರ್ಷ ಬದುಕಿದರು. ಅದೇ ವರ್ಷ ಅವ್ವ ನೀರಿನ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕೂಡತೊಡಗಿದಳು. “ಯಾಕವ್ವಾ?” ಎಂದರೆ “ಏನಿಲ್ಲವಾ, ತೇಕು ಹತ್ತತೈತಿ” ಎನ್ನುವಳು. ಮೊದಲು ಕೊಡ ಬಿಟ್ಟಳು, ಆಮೇಲೆ ಹತ್ತಿ ಬಿಡಿಸಲು ಹೋಗುವುದನ್ನು ಬಿಟ್ಟಳು, ಆಮೇಲೆ ರೊಟ್ಟಿ ಬಡಿಯುವಾಗ ನಡುನಡುವೆ ಗೋಡೆಗೆ ಆತು ಕೂಡತೊಡಗಿದಳು. ತೋರಿಸಿದ ವೈದ್ಯರು ಗ್ಯಾಸು, ಉಷ್ಣ, ವಯಸ್ಸು ಎಂದರು. ಗುಲಾಬಿ ಬಣ್ಣದ ಒಂದು ಸೀಸೆ ಕೊಟ್ಟರು. ಏರು ಹತ್ತುವಾಗ ಬರುತ್ತದೆಯೋ, ಕುಳಿತಾಗ ಬರುತ್ತದೆಯೋ ಎಂದು ಯಾರೂ ಕೇಳಲಿಲ್ಲ. 1996ರ ಒಂದು ಬೆಳಗಿನ ಜಾವ ಅವ್ವ ಹೋದಳು. ಅವಳಿಗೆ ಐವತ್ತೆಂಟು. ಅವಳ ಎದೆಯಲ್ಲಿ ಏನಿತ್ತೆಂದು ಹೇಳುವ ಒಂದು ಕಾಗದವೂ ನಮ್ಮ ಮನೆಯಲ್ಲಿಲ್ಲ.

ಇದರಲ್ಲಿ ಯಂತ್ರದ ಪಾಲೂ ಸ್ವಲ್ಪ ಇದೆ. ಟಿ.ಎಂ.ಟಿ.ಯಲ್ಲಿ ಹೆಂಗಸರ ಇ.ಸಿ.ಜಿ. ಗೆರೆ ರೋಗವಿಲ್ಲದೆಯೂ ಕುಸಿಯುವುದು ಗಂಡಸರಿಗಿಂತ ಹೆಚ್ಚು. ವಿಕಿರಣದ ಚಿತ್ರದಲ್ಲಿ ಸ್ತನದ ನೆರಳು ಎದೆಯ ಮುಂಭಾಗದ ಮೇಲೆ ಬಿದ್ದು ಮಸುಕಾಗಿ ಕಾಣಬಹುದು. ಥ್ಯಾಲಿಯಮ್ಮಿನ ಕಿರಣ ಕ್ಷೀಣವಾದ್ದರಿಂದ ಅದರಲ್ಲಿ ಈ ತೊಂದರೆ ಹೆಚ್ಚಿತ್ತು, ಟೆಕ್ನೀಶಿಯಂ ಬಂದ ಮೇಲೆ ಕಡಿಮೆಯಾಯಿತು. ಹೆಂಗಸರ ಹೃದಯ ಗಾತ್ರದಲ್ಲಿ ಚಿಕ್ಕದು. ಚಿಕ್ಕ ದೋಷ ಕಣ್ಣು ತಪ್ಪಿಸಿಕೊಳ್ಳುತ್ತದೆ. ಗಂಡಸರ ಮೈಗೆ ಅಳತೆ ಮಾಡಿ ಹೊಲಿದ ಅಂಗಿಯನ್ನು ನಮಗೂ ತೊಡಿಸಿ, ಸರಿಹೊಂದದಿದ್ದರೆ ಮೈಯನ್ನೇ ಬೈದ ಹಾಗೆ ಇದು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೊದಲ ಮಹಿಳಾ ಮುಖ್ಯಸ್ಥೆ, ಹೃದ್ರೋಗ ತಜ್ಞೆ ಬರ್ನಾಡಿನ್ ಹೀಲಿ ಇದಕ್ಕೆ ಯೆಂಟಲ್ ಲಕ್ಷಣ ಎಂದು ಹೆಸರಿಟ್ಟರು. ಓದು ಕಲಿಯಲು ಗಂಡು ವೇಷ ತೊಟ್ಟ ಕಥೆಯೊಂದರ ಹುಡುಗಿ ಯೆಂಟಲ್. ಗಂಡಸರಂತೆಯೇ ತನಗೂ ರೋಗವಿದೆ ಎಂದು ತೋರಿಸಿಕೊಟ್ಟ ಮೇಲೆಯೇ ಹೆಂಗಸಿಗೆ ಗಂಡಸರಿಗೆ ಸಿಗುವ ಚಿಕಿತ್ಸೆ ಸಿಗುತ್ತದೆ ಎಂಬುದು ಹೀಲಿಯವರ ಮಾತಿನ ಅರ್ಥ.

ಆಮೇಲೆ ಹೆಂಗಸರನ್ನೇ ಮುಂದಿಟ್ಟುಕೊಂಡು ಅಧ್ಯಯನಗಳು ನಡೆದವು. 1996ರಲ್ಲಿ, ನಮ್ಮ ಅವ್ವ ಹೋದ ವರ್ಷ, ಅಮೆರಿಕದಲ್ಲಿ ವೈಸ್ ಎಂಬ ಅಧ್ಯಯನ ಶುರುವಾಯಿತು. ದೊಡ್ಡ ಧಮನಿಗಳಲ್ಲಿ ಅಡ್ಡಿ ಕಾಣದಿದ್ದರೂ ಎದೆನೋವು ಬರುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ, ಅವರಲ್ಲಿ ಹಲವರಿಗೆ ಕಣ್ಣಿಗೆ ಕಾಣದ ಸಣ್ಣ ರಕ್ತನಾಳಗಳಲ್ಲಿ ತೊಂದರೆಯಿರುತ್ತದೆ, ಅವರನ್ನು ‘ಏನಿಲ್ಲ’ ಎಂದು ಮನೆಗೆ ಕಳಿಸುವುದು ಸರಿಯಲ್ಲ ಎಂದು ಅದರಿಂದ ತಿಳಿಯಿತು. 2003ರಲ್ಲಿ ಮಾರ್ಥಾ ಗುಲಾಟಿ ಎಂಬ ವೈದ್ಯೆ ಶಿಕಾಗೋ ಕಡೆಯ 5721 ಹೆಂಗಸರ ಲೆಕ್ಕ ಪ್ರಕಟಿಸಿದರು. ಯಾವ ಬೇನೆಯೂ ಇಲ್ಲದ ಇವರನ್ನು 1992ರಲ್ಲಿ ಪಟ್ಟಿಯ ಮೇಲೆ ನಡೆಸಿ, ಸುಮಾರು ಎಂಟು ವರ್ಷ ಹಿಂಬಾಲಿಸಿದ್ದರು. ಸುಮ್ಮನೆ ಕುಳಿತಾಗ ಮೈ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದು ಹಿಡಿದರೆ, ನಡೆಯುವ ತಾಕತ್ತು ಅಂಥ ಒಂದೊಂದು ಅಳತೆ ಹೆಚ್ಚಿದಂತೆ ಸಾವಿನ ಅಪಾಯ ನೂರಕ್ಕೆ 17ರಷ್ಟು ಕಡಿಮೆಯಾಗುತ್ತಿತ್ತು. ಗೆರೆ ಏನೇ ಹೇಳಲಿ, ಎಷ್ಟು ಹೊತ್ತು ನಡೆಯಬಲ್ಲಳು ಎಂಬುದೇ ಹೆಣ್ಣಿನ ಮುಂದಿನ ದಿನಗಳನ್ನು ಬಹಳಮಟ್ಟಿಗೆ ಹೇಳುತ್ತದೆ.

2011ರಲ್ಲಿ ಲೆಸ್ಲೀ ಶಾ ಎಂಬ ಸಂಶೋಧಕಿ ನಮ್ಮಂಥ ಮನೆಗಳಿಗೆ ಬಹಳ ಉಪಯೋಗವಾಗುವ ಒಂದು ಉತ್ತರ ಕೊಟ್ಟರು. ಎದೆನೋವಿನ ದೂರು ಇದ್ದು, ನಡೆಯಬಲ್ಲ 824 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಬರೀ ಟಿ.ಎಂ.ಟಿ., ಉಳಿದವರಿಗೆ ಟಿ.ಎಂ.ಟಿ. ಜೊತೆಗೆ ವಿಕಿರಣದ ಚಿತ್ರ ಮಾಡಿಸಿದರು. ಎರಡು ವರ್ಷದ ಮೇಲೆ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 98 ಮಂದಿ ಕ್ಷೇಮ. ಎಂದರೆ ಚೆನ್ನಾಗಿ ನಡೆಯಬಲ್ಲ, ಅಪಾಯ ಹೆಚ್ಚಿಲ್ಲದ ಹೆಂಗಸಿಗೆ ಅಗ್ಗದ ಪರೀಕ್ಷೆಯಿಂದ ಶುರು ಮಾಡಿದರೆ ನಷ್ಟವಿಲ್ಲ. ಕಿವಿಯ ಬೆಂಡೋಲೆ ಅಡವಿಟ್ಟು ದೊಡ್ಡ ಚಿತ್ರವನ್ನೇ ಮೊದಲು ತೆಗೆಸಬೇಕೆಂದಿಲ್ಲ. ನಡೆಯಲಾಗದವರಿಗೆ, ಮಲಗಿದಾಗಿನ ಇ.ಸಿ.ಜಿ.ಯೇ ಸರಿಯಿಲ್ಲದವರಿಗೆ, ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಚಿತ್ರದ ಅಗತ್ಯ ಬೀಳಬಹುದು. ಅದನ್ನು ವೈದ್ಯರು ಹೇಳಬೇಕು. ಬಸುರಿಯರಿಗೆ ವಿಕಿರಣದ ಚಿತ್ರ ಸಾಮಾನ್ಯವಾಗಿ ತೆಗೆಯುವುದಿಲ್ಲ.

ಚಿತ್ರದಲ್ಲಿ ದೋಷ ಕಂಡರೆ ಕೂಡಲೇ ಸ್ಟೆಂಟ್ ಹಾಕಿಸಲೇಬೇಕೆ? ಮನೆಮನೆಯಲ್ಲಿ ಕೇಳುವ ಈ ಪ್ರಶ್ನೆಗೆ 2019ರಲ್ಲಿ ಇಸ್ಕೀಮಿಯಾ ಎಂಬ ಅಧ್ಯಯನ ಉತ್ತರಿಸಿತು. ಭಾರತವೂ ಸೇರಿ 37 ದೇಶಗಳ 5179 ರೋಗಿಗಳು, ಪರೀಕ್ಷೆಯಲ್ಲಿ ರಕ್ತದ ಕೊರತೆ ಸಾಕಷ್ಟಿದ್ದವರು. ಮೊದಲೇ ಸ್ಟೆಂಟ್ ಅಥವಾ ಬೈಪಾಸ್‌ಗೆ ಹೋದವರಿಗೂ, ಮೊದಲು ಔಷಧದ ಮೇಲೆ ಇದ್ದವರಿಗೂ ಮೂರು ವರ್ಷಕ್ಕೂ ಮೇಲ್ಪಟ್ಟ ಅವಧಿಯಲ್ಲಿ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಹೆಚ್ಚಿದ್ದವರಿಗೆ ಮಾತ್ರ ಸ್ಟೆಂಟ್, ಬೈಪಾಸಿನಿಂದ ಹೆಚ್ಚು ಆರಾಮ ಸಿಕ್ಕಿತು. ಎಡ ಮುಖ್ಯ ಧಮನಿಯೇ ಕಟ್ಟಿದವರು, ಹೃದಯ ತೀರ ದುರ್ಬಲವಾದವರು, ಆಗತಾನೆ ಹೃದಯಾಘಾತವಾದವರು ಈ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನು ಮರೆಯಬಾರದು. ಇಲ್ಲಿಯೂ ಹೆಂಗಸರು ನಾಲ್ಕರಲ್ಲಿ ಒಂದು ಪಾಲಿಗಿಂತ ಕಡಿಮೆ. ಹೆಬರ್ಡನ್ನರ ಮೂವರಿಂದ ಇಲ್ಲಿಗೆ ಬರಲು ಎರಡೂವರೆ ಶತಮಾನ ಹಿಡಿಯಿತು.

ನಮ್ಮ ದೇಶದ ಕಥೆಯಲ್ಲಿ ಒಂದು ಹೆಮ್ಮೆಯ ಹೆಸರಿದೆ. ಬರ್ಮಾದಲ್ಲಿ 1917ರಲ್ಲಿ ಹುಟ್ಟಿದ ಡಾ. ಎಸ್. ಪದ್ಮಾವತಿ ಭಾರತದ ಮೊದಲ ಮಹಿಳಾ ಹೃದ್ರೋಗ ತಜ್ಞೆ. 1954ರಲ್ಲಿ ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಉತ್ತರ ಭಾರತದ ಮೊದಲ ಹೃದ್ರೋಗ ಚಿಕಿತ್ಸಾಲಯ ತೆರೆದರು. ನೂರು ದಾಟಿ ಬಾಳಿ 2020ರಲ್ಲಿ ತೀರಿಕೊಂಡರು. ಇನ್ನೊಂದು ಎಳೆ ಬೆಂಗಳೂರಿನದು. ಅಲ್ಲಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ಅದರ ಲೆಕ್ಕದ ಪ್ರಕಾರ ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆಗುವ ನಡುವಯಸ್ಸು 53. ಉಳಿದವರಿಗೆ ಸುಮಾರು 59. ಅದೇ ಸೇಂಟ್ ಜಾನ್ಸ್‌ನ ತಜ್ಞರು ಮುಂದಾಗಿ ಭಾರತದ 89 ಆಸ್ಪತ್ರೆಗಳ ಇಪ್ಪತ್ತು ಸಾವಿರ ರೋಗಿಗಳ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿದರು. ನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ಅರ್ಧದಷ್ಟು ಜನರಿಗೆ ಆರು ಗಂಟೆಗಿಂತ ಹೆಚ್ಚು ಹಿಡಿದಿತ್ತು. ಮೂವತ್ತು ದಿನದೊಳಗೆ ಬಡವರಲ್ಲಿ ನೂರಕ್ಕೆ 8.2, ಸಿರಿವಂತರಲ್ಲಿ 5.5 ಮಂದಿ ತೀರಿಕೊಂಡಿದ್ದರು.

ಹುಬ್ಬಳ್ಳಿಯ ಕೆ.ಎಂ.ಸಿ. 1957ರಲ್ಲಿ ಶುರುವಾದಂದಿನಿಂದ ನಮ್ಮ ತಾಲೂಕಿನವರಿಗೆ ಅದೇ ದೊಡ್ಡ ದವಾಖಾನೆ. 2021ರಲ್ಲಿ ನಟ ಪುನೀತ್ ರಾಜಕುಮಾರ್ 46ನೆಯ ವಯಸ್ಸಿಗೆ ಹೃದಯಾಘಾತದಿಂದ ಹೋದ ಮೇಲೆ ಸರ್ಕಾರ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ. ದೂರದ ತಜ್ಞರಿಗೆ ಹೋಗಿ, ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲಿಯೇ ಕೊಡುವ ಏರ್ಪಾಡು ಅದು. 2025ರ ಜೂನ್ ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ನಸುಕಿನಿಂದಲೇ ಸಾಲು ನಿಂತರು. ಸರ್ಕಾರ ನೇಮಿಸಿದ ಸಮಿತಿಗೆ ಸಾವುಗಳಲ್ಲಿ ಅಸಹಜವಾದ ಏರಿಕೆ ಕಾಣಲಿಲ್ಲ. ಆ ಸಾಲಿನ ಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿದಾಗ, ಹೆದರಿಕೆಯಿಂದ ಬಂದವರ ನಡುವೆ ನಿಜವಾಗಿ ಬೇನೆಯಿದ್ದವರು ಎಷ್ಟು ಮಂದಿ ಮನೆಯಲ್ಲಿಯೇ ಉಳಿದರೋ ಎಂದು ನನಗೆ ಚಿಂತೆಯಾಯಿತು. ಪರೀಕ್ಷೆ ಎಷ್ಟೇ ಜಾಣವಾಗಿದ್ದರೂ ತನ್ನ ಮುಂದೆ ಬಾರದವಳ ಬಗ್ಗೆ ಏನನ್ನೂ ಹೇಳಲಾರದು.

ಹೆಣ್ಣುಮಕ್ಕಳು ಪರೀಕ್ಷೆಯ ತನಕ ಏಕೆ ಬರುವುದಿಲ್ಲ? ನಾವು ನೋವು ಎನ್ನುವುದಿಲ್ಲ. ತೇಕು, ಸಂಕಟ, ಹೊಟ್ಟೆ ಉಬ್ಬರ, ಬೆನ್ನಿನಲ್ಲಿ ಹಿಡಿತ, ದವಡೆ ಸೆಳೆತ ಎನ್ನುತ್ತೇವೆ. ನೋವು ಬರುವ ಕೆಲಸವನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತೇವೆ. ಬಿಟ್ಟ ಮೇಲೆ ನೋವೂ ಇಲ್ಲ, ದೂರೂ ಇಲ್ಲ. ಈ ಗುಟ್ಟನ್ನು ಡ್ಯೂಕ್ ವಿಶ್ವವಿದ್ಯಾಲಯದವರು 1989ರಲ್ಲಿ ಹನ್ನೆರಡು ಪ್ರಶ್ನೆಗಳಲ್ಲಿ ಹಿಡಿದರು. ಮೆಟ್ಟಿಲು ಹತ್ತಬಲ್ಲಿರಾ, ಪಾತ್ರೆ ತೊಳೆಯಬಲ್ಲಿರಾ, ಕಸ ಗುಡಿಸಬಲ್ಲಿರಾ, ಭಾರದ ಸಾಮಾನು ಸರಿಸಬಲ್ಲಿರಾ ಎಂಬಂಥ ಪ್ರಶ್ನೆಗಳು. ಉತ್ತರದಿಂದಲೇ ಎದೆಯ ತಾಕತ್ತು ಅಂದಾಜಾಗುತ್ತದೆ. ಲೆಸ್ಲೀ ಶಾ ತಮ್ಮ ಅಧ್ಯಯನಕ್ಕೆ ನಡೆಯಬಲ್ಲ ಹೆಂಗಸರನ್ನು ಆರಿಸಿಕೊಂಡದ್ದೂ ಇದೇ ಪ್ರಶ್ನೆಗಳಿಂದ. ಯಾವ ಲೆಕ್ಕಕ್ಕೂ ಸೇರದ ಮನೆಗೆಲಸ ಕಡೆಗೊಮ್ಮೆ ವೈದ್ಯರ ಲೆಕ್ಕಕ್ಕೆ ಸೇರಿತು.

ಈಗ ತಾಯಂದಿರ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ: “ಹೋದ ವರ್ಷ ಮಾಡತಿದ್ದ ಯಾವ ಕೆಲಸ ಈ ವರ್ಷ ಬಿಟ್ಟೀರಿ?” ಮೊದಲು ನಗುತ್ತಾರೆ. ಆಮೇಲೆ ಒಬ್ಬಳು ಬೀಸುವ ಕಲ್ಲಿನ ಮಾತು ಹೇಳುತ್ತಾಳೆ, ಇನ್ನೊಬ್ಬಳು ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಗಿಸುವುದನ್ನು. ಏಕೆ ಬಿಟ್ಟಿರಿ ಎಂದರೆ ಕೆಲವರದು ಮೊಣಕಾಲು, ಕೆಲವರಿಗೆ ಸೊಸೆ ಬಂದಳು. ಯಾರಾದರೂ ಒಬ್ಬಳು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನಾದರೆ, ಅವಳಿಗೆ ಒಂದು ಚೀಟಿ ಬರೆದುಕೊಡುತ್ತೇನೆ: ಯಾವ ಕೆಲಸಕ್ಕೆ ಬರುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ, ಎಂದಿನಿಂದ. ವೈದ್ಯರ ಮುಂದೆ ನಾಚಿಕೆಯಾದರೆ ಚೀಟಿ ಕೊಟ್ಟರಾಯಿತು. ಕುಳಿತಾಗಲೂ ಬಿಡದ ನೋವು, ಬೆವರು, ಕಣ್ಣಿಗೆ ಕತ್ತಲೆ ಬಂದರೆ ಚೀಟಿಯೂ ಬೇಡ, ಪಟ್ಟಿಯ ಪರೀಕ್ಷೆಯೂ ಬೇಡ, ಆ ಗಳಿಗೆಯಲ್ಲೇ ತಾಲೂಕು ದವಾಖಾನೆಗೆ ಹೋಗಬೇಕೆಂದು ಅದರ ಹಿಂಬದಿಗೆ ಬರೆದಿರುತ್ತೇನೆ. ಕಳೆದ ವರ್ಷ ಹೀಗೆ ಹನ್ನೊಂದು ಚೀಟಿ ಬರೆದೆ. ಅವರಲ್ಲಿ ನಾಲ್ವರು ಹುಬ್ಬಳ್ಳಿಗೆ ಹೋಗಿ ಪಟ್ಟಿ ಹತ್ತಿ ಬಂದರು. ಒಬ್ಬಳಿಗೆ ಔಷಧ ಶುರುವಾಗಿದೆ. ಉಳಿದ ಏಳು ಮಂದಿಯ ಮನೆಗೆ ಈ ದೀಪಾವಳಿ ರಜೆಯಲ್ಲಿ ಹೋಗಬೇಕು.